ಕಾಣದ ಬಣ್ಣದ ಕಾವಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೇವದ ವಿಷಯವಾಗಿ ಜನರಿಗಿರುವ ಎಚ್ಚರ ಬೇರೆ ಕಡೆಗಳಲ್ಲಿ ಅಪರೂಪ. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳ ಕಾಲ ಅಲುಗಿಸದೆ ಇಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕೈಗೆತ್ತಿ ಅಲ್ಲಾಡಿಸಿದರೆ ಗುಡುಗುಡು ಸದ್ದು ಮಾಡುವವರೆಗೆ ಅವರು ಕಾಯುತ್ತಾರೆ. ಹಾಗೆ ಕಾದುದರ ಫಲವೇ ಊರೂರಿಗೆ ಹೋಗುವ ಉಂಡೆ ಕೊಬ್ಬರಿ. ಈ ಅವಧಿಯಲ್ಲಿ ಮಾಡಿನ ಒಂದು ಹೆಂಚು ಸರಿದು, ಕಾಯಿಗಳ ನಡುವಿನ ಸಂದಿಯಲ್ಲಿ ನಾಲ್ಕು ಹನಿ ನಿಂತರೆ ಸಾಕು, ಬೂಷ್ಟು ಹಿಡಿಯುತ್ತದೆ. ಸುರಿದು ಹರಿದುಹೋಗುವ ಮಳೆಗಿಂತ ಸಂದಿಯಲ್ಲಿ ನಿಂತ ಹನಿಯೇ ಹೆಚ್ಚು ಕೇಡಿನದೆಂಬುದು ಅಲ್ಲಿನ ಮಕ್ಕಳಿಗೂ ತಿಳಿದ ಮಾತು.

ಈ ಮಾತನ್ನೇ ವಿಮಾನದ ಯಂತ್ರಶಿಲ್ಪಿಗಳೂ ಆಡುತ್ತಾರೆಂದರೆ ಓದುಗರಿಗೆ ಸೋಜಿಗವಾದೀತು. ತೆಂಗಿನ ಅಟ್ಟಕ್ಕೂ ಆಕಾಶದಲ್ಲಿ ಹಾರುವ ಯಂತ್ರಕ್ಕೂ ಏನು ನಂಟು? ನಂಟು ಒಂದಲ್ಲ, ಎರಡಿವೆ. ತುಮಕೂರಿನಿಂದ ತಿಪಟೂರಿಗೆ ಹೋಗುವವರು ಹಾದುಹೋಗುವ ಗುಬ್ಬಿ ತಾಲ್ಲೂಕಿನಲ್ಲಿಯೇ, ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ, ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟಿತವಾಯಿತು. ಇದು ಮೊದಲನೆಯ ನಂಟು. ಎರಡನೆಯದು ನೆಲದೊಳಗಿನದು, ಅದಕ್ಕಿಂತ ಬಹಳ ಹಳೆಯದು. ಅದರ ಮಾತು ಸ್ವಲ್ಪ ತಡೆದು ಬರಲಿ.

ಹಳೆಯ ವಿಮಾನಗಳನ್ನು ಮತ್ತೆ ಹಾರುವಂತೆ ಮಾಡುವ ಕಾರ್ಯದಲ್ಲಿ ಕನ್ನಡ ನಾಡಿಗೆ ಒಂದು ಹಿರಿಮೆಯಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧ ಬಿರುಸಾದಾಗ ಅದು ಅಮೆರಿಕದ ವಿಮಾನಗಳನ್ನು ದುರಸ್ತು ಮಾಡುವ ಕೇಂದ್ರವಾಯಿತು. ಕ್ಯಾಟಲೀನಾ ಎಂಬ ನೀರಿನ ವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿದು ಚಿಕಿತ್ಸೆಗೆ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದ ಬಯಲಿನಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳು ರಾಶಿ ಬಿದ್ದಿದ್ದವು. ಅವು ಇನ್ನೊಬ್ಬರ ಉಪಯೋಗಕ್ಕೆ ಬಾರದಿರಲೆಂದು, ಬಿಟ್ಟುಹೋದವರು ಅವನ್ನು ಬೇಕೆಂದೇ ಕೆಡಿಸಿದ್ದರು. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋಗಿ, ಒಂದರ ಅಂಗವನ್ನು ಕಳಚಿ ಇನ್ನೊಂದಕ್ಕೆ ಜೋಡಿಸಿ, ಹೇಗೋ ಮೇಲೇಳುವಷ್ಟು ಸರಿಪಡಿಸಿದರು. ಜಮ್ಷೆಡ್ ಮುನ್ಷಿ ಎಂಬ ಎದೆಗಾರ ವಿಮಾನಚಾಲಕರು ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಸುಮಾರು 40 ವಿಮಾನಗಳು ಹೀಗೆ ಮರುಹುಟ್ಟು ಪಡೆದು ಭಾರತದ ವಾಯುಪಡೆಯನ್ನು ಸೇರಿದವು. 1968ರವರೆಗೆ ಸೇವೆ ಸಲ್ಲಿಸಿದವು.

ಅಷ್ಟರಲ್ಲಿ ಬೇರೆ ದೇಶಗಳವರು ತಮ್ಮ ಲಿಬರೇಟರುಗಳನ್ನು ಬಹುಮಟ್ಟಿಗೆ ಕರಗಿಸಿ ಪಾತ್ರೆಪಡಗಕ್ಕೆ ಮಾರಿಬಿಟ್ಟಿದ್ದರು. ಆಮೇಲೆ ಹಂಬಲ ಹುಟ್ಟಿ ಭಾರತದ ಬಾಗಿಲಿಗೆ ಬಂದರು. ಕೆನಡಕ್ಕೆ ಒಂದು ಹೋಯಿತು, ಅಮೆರಿಕದ ಅರಿಜೋನಕ್ಕೆ ಒಂದು ಹೋಯಿತು. 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯಕ್ಕೆ ಒಂದು ಹೋಯಿತು. ಇಲ್ಲಿಂದ ಹೋದ ಮತ್ತೊಂದನ್ನು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದವರು ವರ್ಷಗಟ್ಟಲೆ ದುಡಿದು 1989ರಲ್ಲಿ ಮತ್ತೆ ಗಗನಕ್ಕೇರಿಸಿದರು. ಎಸೆಯಲು ಮನಸ್ಸು ಬಾರದ ಬಡತನವೂ ಕೆಲವು ವೇಳೆ ಇತಿಹಾಸವನ್ನು ಉಳಿಸಿಕೊಡುತ್ತದೆ.

ಇಂಥ ಹಳೆಯ ವಿಮಾನವನ್ನು ನೋಡಹೋದವರು ಎಂಜಿನ್ನನ್ನು ಮೆಚ್ಚುತ್ತಾರೆ, ರೆಕ್ಕೆಯ ಅಗಲವನ್ನು ಅಳೆಯುತ್ತಾರೆ, ಹೊರಗಿನ ಥಳಥಳಿಸುವ ಬಣ್ಣದ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ಆ ಯಂತ್ರದ ಆಯುಸ್ಸು ನಿಂತಿರುವುದು ಯಾರ ಕಣ್ಣಿಗೂ ಬೀಳದ ಬೇರೊಂದು ಬಣ್ಣದ ಮೇಲೆ. ಲೋಹಕ್ಕೆ ನೇರವಾಗಿ ತಾಗಿ, ಹೊರಬಣ್ಣದ ಅಡಿಯಲ್ಲಿ ಮುಚ್ಚಿಹೋಗುವ ಈ ಮೊದಲ ಲೇಪಕ್ಕೆ ಪ್ರೈಮರ್ ಎಂದು ಹೆಸರು. ಅದರ ದಪ್ಪ ಮಿಲಿಮೀಟರಿನ ಸಾವಿರದ ಇಪ್ಪತ್ತು ಭಾಗದಷ್ಟು. ತಲೆಗೂದಲ ಎಳೆಗಿಂತ ತೆಳ್ಳಗೆ. ಮನೆ ಕಟ್ಟಿಸುವವರು ಕಿಟಕಿಯ ಸರಳುಗಳಿಗೆ ಮೊದಲು ಕೆಂಪು ಬಣ್ಣ ಹೊಡೆಸುವುದನ್ನು ಎಲ್ಲರೂ ಕಂಡಿರುತ್ತಾರೆ. ವಿಮಾನದ ಪ್ರೈಮರ್ ಅದರ ಬಂಧುವೇ. ಆದರೆ ಅದರ ಹೊಣೆ ಹೆಚ್ಚಿನದು.

ಹೊಣೆ ಹೆಚ್ಚಾಗಲು ಕಾರಣ ವಿಮಾನದ ಲೋಹವೇ. ಅಲ್ಯೂಮಿನಿಯಮ್ಮಿಗೆ ತುಕ್ಕು ಹಿಡಿಯುವುದಿಲ್ಲವೆಂದು ಅಡಿಗೆಮನೆಯ ಅನುಭವ ಹೇಳುತ್ತದೆ. ಶುದ್ಧ ಅಲ್ಯೂಮಿನಿಯಮ್ಮಿನ ಮಟ್ಟಿಗೆ ಈ ಮಾತು ಬಹಳಷ್ಟು ನಿಜ. ಗಾಳಿ ಸೋಕಿದ ಕ್ಷಣದಲ್ಲಿಯೇ ಅದರ ಮೇಲೆ ಆಕ್ಸೈಡಿನ ಸೂಕ್ಷ್ಮವಾದ ಪೊರೆ ಬೆಳೆದು ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಶುದ್ಧ ಅಲ್ಯೂಮಿನಿಯಮ್ ಮೆದು. ರೆಕ್ಕೆಯ ಭಾರ ಹೊರಲಾರದು. 1906ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಎಂಬಾತ, ಅದಕ್ಕೆ ನೂರಕ್ಕೆ ನಾಲ್ಕರಷ್ಟು ತಾಮ್ರ, ಜೊತೆಗೆ ಒಂದಿಷ್ಟು ಮೆಗ್ನೀಸಿಯಮ್ ಬೆರೆಸಿ ಕಾಯಿಸಿ ತಣಿಸಿ ಇಟ್ಟರೆ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಗಟ್ಟಿಯಾಗುವುದೆಂದು ಕಂಡುಕೊಂಡ. ಡ್ಯುರಾಲ್ಯುಮಿನ್ ಎಂಬ ಈ ಮಿಶ್ರಲೋಹವೂ ಅದರ ವಂಶದವೂ ಬಂದ ಮೇಲೆಯೇ ಲೋಹದ ವಿಮಾನಗಳು ಪ್ರಪಂಚವನ್ನು ತುಂಬಿದುವು.

ತಾಮ್ರವು ಬಲವನ್ನು ಕೊಟ್ಟಿತು. ಜೊತೆಗೇ ಶನಿಯನ್ನೂ ತಂದಿತು. ಎರಡು ಬಗೆಯ ಲೋಹಗಳು ಒಂದೆಡೆ ತಾಗಿಕೊಂಡಿದ್ದು, ನಡುವೆ ಉಪ್ಪಿನ ನೀರೋ ಹುಳಿಯ ನೀರೋ ನಿಂತರೆ ಅಲ್ಲೊಂದು ಪುಟ್ಟ ವಿದ್ಯುತ್ ಬ್ಯಾಟರಿ ಹುಟ್ಟುತ್ತದೆ. ಒಂದು ಲೋಹ ಉಳಿಯುತ್ತದೆ, ಮತ್ತೊಂದು ಕರಗುತ್ತದೆ. ಈ ಮಿಶ್ರಲೋಹದಲ್ಲಿ ತಾಮ್ರ ಸೇರಿದ ಕಣಗಳು ಹೆಜ್ಜೆಹೆಜ್ಜೆಗೂ ಇರುವುದರಿಂದ ತಗಡು ತನ್ನೊಳಗೇ ಸಾವಿರಾರು ಬ್ಯಾಟರಿಗಳನ್ನು ಹೊತ್ತುಕೊಂಡಿದೆ. ಹುಳಿಸಾರನ್ನು ರಾತ್ರಿಯಿಡೀ ಅಲ್ಯೂಮಿನಿಯಮ್ ಪಾತ್ರೆಯಲ್ಲಿ ಬಿಟ್ಟ ಗೃಹಿಣಿ ಬೆಳಿಗ್ಗೆ ತಳದಲ್ಲಿ ಸೂಜಿಮೊನೆಯಂಥ ಗುಳಿಗಳನ್ನು ಕಾಣುತ್ತಾಳಷ್ಟೆ. ಅದೇ ಬಗೆಯ ಗುಳಿಗಳು ವಿಮಾನದ ಸಂದುಗಳಲ್ಲಿ, ರಿವೆಟ್ಟುಗಳ ತಲೆಯ ಸುತ್ತ, ಎರಡು ತಗಡುಗಳು ಒಂದರ ಮೇಲೊಂದು ಕೂರುವೆಡೆಯಲ್ಲಿ ಹುಟ್ಟುತ್ತವೆ. ಕಬ್ಬಿಣದ ತುಕ್ಕು ಕೆಂಪಾಗಿ ಕೂಗಿ ಹೇಳುತ್ತದೆ. ಅಲ್ಯೂಮಿನಿಯಮ್ಮಿನದು ಬಿಳಿಯ ಪುಡಿ. ಹೊರಬಣ್ಣದ ಅಡಿಯಲ್ಲಿ ಮೌನವಾಗಿ ಹುಳುವಿನಂತೆ ಹರಿದು ಹೋಗುತ್ತದೆ.

ಉಪೇಕ್ಷೆಯ ಬೆಲೆ ಎಷ್ಟೆಂಬುದು 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಕಾಣಬಂತು. ಸಮುದ್ರದ ಉಪ್ಪುಗಾಳಿಯಲ್ಲಿ 19 ವರ್ಷ ಹಾರಾಡಿದ್ದ ಅಲೋಹಾ ಕಂಪನಿಯ ವಿಮಾನವೊಂದರ ಮಾಡು ಆಕಾಶದಲ್ಲಿಯೇ ಹರಿದುಹೋಯಿತು. ತಗಡುಗಳ ಜೋಡಣೆಯೊಳಗೆ ತೇವ ಸೇರಿ, ಅಂಟು ಬಿಟ್ಟು, ಲೋಹ ಸವೆದು, ಬಿರುಕುಗಳು ಒಂದನ್ನೊಂದು ಕೂಡಿಕೊಂಡಿದ್ದವು. ಚಾಲಕರು ಅದನ್ನು ನೆಲಕ್ಕಿಳಿಸಿದ್ದು ಪವಾಡಕ್ಕೆ ಸಮನಾದುದು. ಆದರೂ ಪರಿಚಾರಿಕೆಯೊಬ್ಬಳು ಪ್ರಾಣ ತೆತ್ತಳು. ಅದು ಇನ್ನೂ ದಿನದಿನ ಕೆಲಸ ಮಾಡುತ್ತಿದ್ದ ವಿಮಾನ. ಎಪ್ಪತ್ತೆಂಬತ್ತು ವರ್ಷದ ಮುದಿ ವಿಮಾನವನ್ನು ಹಾರಿಸಹೊರಟವರು ಇದನ್ನು ಮರೆಯುವಂತಿಲ್ಲ.

ಹಾಗಾದರೆ ಲೋಹವನ್ನು ಕಾಯುವ ಬಗೆ ಹೇಗೆ? ಮೊದಲನೆಯ ಉಪಾಯ ತೆಂಗಿನ ಸೀಮೆಯ ಪ್ರತಿಯೊಂದು ಮನೆಯಲ್ಲಿಯೂ ಇದೆ: ದೋಸೆಯ ಕಾವಲಿಗೆ, ಈಳಿಗೆಮಣೆಯ ಅಲಗಿಗೆ ಕೊಬ್ಬರಿ ಎಣ್ಣೆ ಸವರಿ ಇಡುವುದು. ನೀರು ಲೋಹವನ್ನು ಮುಟ್ಟದಂತೆ ತಡೆ ಒಡ್ಡುವುದು ಇದರ ಮರ್ಮ. ಆದರೆ ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಒಣಗದು. ಬೆರಳು ಸೋಕಿದರೆ ಅಳಿಸಿಹೋಗುತ್ತದೆ. ಎಣ್ಣೆಯು ಗಾಳಿಯಿಂದ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗಬೇಕಾದರೆ ಅದರ ಅಣುಗಳಲ್ಲಿ ಅದಕ್ಕೆ ತಕ್ಕ ತೆರೆದ ಬಂಧಗಳಿರಬೇಕು. ಅದನ್ನು ಅಳೆಯುವ ಅಯೋಡೀನ್ ಸಂಖ್ಯೆ ಕೊಬ್ಬರಿ ಎಣ್ಣೆಗೆ ಹತ್ತನ್ನು ಮೀರುವುದೇ ಕಷ್ಟ; ಅಗಸೆ ಎಣ್ಣೆಗೆ 170ಕ್ಕೂ ಹೆಚ್ಚು. ಆದ್ದರಿಂದಲೇ ಹಿಂದಿನ ಬಣ್ಣಗಾರರೆಲ್ಲ ಅಗಸೆ ಎಣ್ಣೆಯನ್ನೇ ನೆಚ್ಚಿಕೊಂಡಿದ್ದರು. ಟೈಗರ್ ಮಾತ್‌ನಂಥ ಹಳೆಯ ವಿಮಾನಗಳಲ್ಲಿ, ಬಟ್ಟೆಯ ಹೊದಿಕೆಯ ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟಿರುತ್ತದೆ. ಕೊಳವೆಯ ಒಳಮೈಗೆ ಬಣ್ಣ ಬಳಿಯಲು ಕೈ ಹೋಗದು. ಅಂಥಲ್ಲಿ ಕಾಯಿಸಿದ ಅಗಸೆ ಎಣ್ಣೆಯನ್ನು ಸಣ್ಣ ರಂಧ್ರದಿಂದ ಹೊಯ್ದು, ಕೊಳವೆಯನ್ನು ಎಲ್ಲ ಕಡೆಗೂ ಹೊರಳಿಸಿ, ಮಿಕ್ಕುದನ್ನು ಬಸಿದು, ರಂಧ್ರವನ್ನು ಮುಚ್ಚುವುದು ಇಂದಿಗೂ ಒಪ್ಪಿತವಾದ ಕ್ರಮ. ಕೊಬ್ಬರಿ ಎಣ್ಣೆಯ ಅಭಿಮಾನಿಗಳು ಬೇಸರಪಡಬೇಕಾದುದಿಲ್ಲ: ಅದರಿಂದ ತಯಾರಾಗುವ ಆಲ್ಕಿಡ್ ಎಂಬ ರಾಳ ಹಳದಿಗಟ್ಟದ ಗುಣವುಳ್ಳದ್ದು, ಕಾವಿನಲ್ಲಿ ಗಟ್ಟಿಮಾಡುವ ಬಿಳಿಯ ಎನಾಮಲ್ಲುಗಳಲ್ಲಿ ಅದಕ್ಕೆ ಒಳ್ಳೆಯ ಸ್ಥಾನವಿದೆ.

ಎರಡನೆಯ ಉಪಾಯ ಬಲಿದಾನದ್ದು. ಮಾಡಿಗೆ ಹೊದಿಸುವ ಜಿಂಕ್ ಶೀಟಿನಲ್ಲಿ ಕಬ್ಬಿಣದ ಮೇಲಿನ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. 1927ರಲ್ಲಿ ಅಮೆರಿಕದವರು ಇದೇ ಯುಕ್ತಿಯನ್ನು ವಿಮಾನದ ತಗಡಿಗೂ ಹೂಡಿದರು: ಗಟ್ಟಿಯಾದ ಮಿಶ್ರಲೋಹದ ಎರಡು ಬದಿಗೂ ಶುದ್ಧ ಅಲ್ಯೂಮಿನಿಯಮ್ಮಿನ ತೆಳುಪದರವನ್ನು ಒತ್ತಿ ಕೂರಿಸಿದರು. ಆಲ್‌ಕ್ಲಾಡ್ ಎಂಬ ಈ ತಗಡು ಬಹಳ ಒಳ್ಳೆಯದೇ. ಆದರೆ ರಿವೆಟ್ಟಿಗಾಗಿ ಕೊರೆದ ತೂತಿನ ಅಂಚಿನಲ್ಲಿ, ಕತ್ತರಿಸಿದ ತುದಿಯಲ್ಲಿ, ಅತಿಯಾಗಿ ಉಜ್ಜಿ ಹೊಳಪು ಕೊಟ್ಟ ಕಡೆಯಲ್ಲಿ ಆ ಪದರವಿರುವುದಿಲ್ಲ. ಹಳೆಯ ವಿಮಾನವನ್ನು ಕನ್ನಡಿಯಂತೆ ಉಜ್ಜಿ ಮೆರೆಸುವ ಉತ್ಸಾಹಿಗಳು ಪ್ರತಿ ಸಲವೂ ಅದರ ಕವಚವನ್ನು ಒಂದಿಷ್ಟು ಕಳೆಯುತ್ತಿರುತ್ತಾರೆ.

ಮೂರನೆಯದೇ ಕುತೂಹಲಕರವಾದುದು. ತೆಂಗಿನ ಮರಕ್ಕೆ ಹತ್ತುವವರು ಕಡಿದ ಮೆಟ್ಟುಗಚ್ಚು ನಲವತ್ತು ವರ್ಷವಾದರೂ ಹಾಗೆಯೇ ಇರುತ್ತದೆ. ಆ ಜಾತಿಯ ಮರಗಳ ಕಾಂಡದಲ್ಲಿ ಹೊಸ ತೊಗಟೆ ಬೆಳೆಸಿ ಗಾಯ ಮುಚ್ಚುವ ಪದರವೇ ಇಲ್ಲ. ಬೇವಿಗೋ ಹಲಸಿಗೋ ಅದೇ ಗಾಯ ಮಾಡಿದರೆ ಅಂಚಿನಿಂದ ತೊಗಟೆ ಉಬ್ಬಿ ಬಂದು ಕೆಲವು ವರ್ಷಗಳಲ್ಲಿ ಮಾಯುತ್ತದೆ. ಸಾಮಾನ್ಯ ಬಣ್ಣವೆಲ್ಲ ತೆಂಗಿನ ಕಾಂಡದಂತೆ: ಗೀರಿದರೆ ಗೀರಿದಂತೆಯೇ. ಒಂದು ಬಗೆಯ ಪ್ರೈಮರ್ ಮಾತ್ರ ಬೇವಿನ ಗುಣವುಳ್ಳದ್ದು. ಅದರಲ್ಲಿ ಬೆರೆತಿರುವುದು ಕ್ರೋಮೇಟ್ ಎಂಬ ಹಳದಿಯ ಲವಣ. ಸತುವಿನೊಡನೆ ಸೇರಿದ್ದಾದರೆ ಜಿಂಕ್ ಕ್ರೋಮೇಟ್, ಸ್ಟ್ರಾನ್ಷಿಯಮ್ಮಿನೊಡನೆ ಸೇರಿದ್ದಾದರೆ ಸ್ಟ್ರಾನ್ಷಿಯಮ್ ಕ್ರೋಮೇಟ್. ಇವು ನೀರಿನಲ್ಲಿ ಸಕ್ಕರೆಯಂತೆ ಕರಗುವುದೂ ಇಲ್ಲ, ಮರಳಿನಂತೆ ಕರಗದೆ ಇರುವುದೂ ಇಲ್ಲ. ಎಷ್ಟು ಬೇಕೋ ಅಷ್ಟೇ. ಬಣ್ಣ ಗೀರಿ ಲೋಹ ಬರಿದಾದ ಕಡೆ ತೇವ ತಗುಲಿತೆನ್ನಿ. ಆ ತೇವವೇ ಅಕ್ಕಪಕ್ಕದ ಪ್ರೈಮರಿನಿಂದ ಒಂದಿಷ್ಟು ಕ್ರೋಮೇಟನ್ನು ಕರಗಿಸಿ ಗಾಯದ ಬಳಿಗೆ ಒಯ್ಯುತ್ತದೆ. ಅಲ್ಲಿ ಅದು ರೂಪಾಂತರ ಹೊಂದಿ, ಕರಗದ ಪೊರೆಯಾಗಿ ಲೋಹಕ್ಕೆ ಅಂಟಿ, ಬ್ಯಾಟರಿಯ ಆಟವನ್ನು ನಿಲ್ಲಿಸುತ್ತದೆ. ಕೇಡು ತರಲು ಬಂದ ನೀರಿನ ಕೈಯಲ್ಲಿಯೇ ಮದ್ದನ್ನು ಕಳುಹಿಸುವ ಈ ಜಾಣ್ಮೆಗೆ ಸಮನಾದುದನ್ನು ರಸಾಯನಶಾಸ್ತ್ರ ಇನ್ನೂ ಸುಲಭವಾಗಿ ಕಂಡುಕೊಂಡಿಲ್ಲ.

1930ರ ದಶಕದಿಂದ ಅಮೆರಿಕದ ಸೇನಾ ವಿಮಾನಗಳ ಒಳಮೈಗೆ ಬಳಿದುದು ಈ ಜಿಂಕ್ ಕ್ರೋಮೇಟನ್ನೇ. ಅದರ ಸಹಜ ಬಣ್ಣ ಹಸಿರು ಮಿಶ್ರಿತ ಹಳದಿ. ಕೆಲವೆಡೆ ಕಪ್ಪು ಬೆರೆಸಿ ಹಸಿರಾಗಿಸುತ್ತಿದ್ದರು. ಹಳೆಯ ಯುದ್ಧವಿಮಾನದ ಹೊಟ್ಟೆಯೊಳಗೆ ತಲೆ ಹಾಕಿದವರಿಗೆ ಕಾಣುವ ಆ ವಿಚಿತ್ರ ಛಾಯೆ ಚೆಲುವಿಗಾಗಿ ಬಂದುದಲ್ಲ. ಅದು ಔಷಧದ ಬಣ್ಣ. ಯುದ್ಧದ ತುರ್ತಿನಲ್ಲಿ ಇದನ್ನೂ ಎಷ್ಟೋ ಕಡೆ ಬಿಟ್ಟುಬಿಟ್ಟರು. ವಿಮಾನ ಕೆಲವು ತಿಂಗಳು ಬಾಳಿದರೆ ಸಾಕೆಂಬ ಲೆಕ್ಕ. ಬರಿಯ ಆಲ್‌ಕ್ಲಾಡ್ ತಗಡಿಗೆ ಪ್ರೈಮರಿನ ಖರ್ಚೇಕೆಂಬ ವಾದ. ಅದೇ ವಿಮಾನ ಎಂಬತ್ತು ವರ್ಷ ಬಾಳಬೇಕೆಂದು ಮೊಮ್ಮಕ್ಕಳು ಹಟ ಹಿಡಿದಾರೆಂದು ಯಾರು ಎಣಿಸಿದ್ದರು?

ಈಗ ಎರಡನೆಯ ನಂಟಿನ ಮಾತು. ಕ್ರೋಮೇಟಿನ ಮೂಲ ಕ್ರೋಮೈಟ್ ಎಂಬ ಕಪ್ಪು ಅದಿರು. ತಿಪಟೂರಿನಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವವರು ನುಗ್ಗೇಹಳ್ಳಿಯ ಹೊಯ್ಸಳ ದೇವಾಲಯವನ್ನು ನೋಡದೆ ಮುಂದುವರಿಯುವುದಿಲ್ಲ. ಆ ಊರಿನ ಹೆಸರನ್ನೇ ಭೂವಿಜ್ಞಾನಿಗಳು ಅಲ್ಲಿನ ಪುರಾತನ ಶಿಲಾಪಟ್ಟಿಗೂ ಇಟ್ಟಿದ್ದಾರೆ. ಆ ಪಟ್ಟಿಯ ಬೈರಾಪುರದಲ್ಲಿ ಮೈಸೂರು ಮಿನರಲ್ಸ್ ಸಂಸ್ಥೆ ಕ್ರೋಮೈಟ್ ಗಣಿಯನ್ನು ನಡೆಸಿತು. ತೆಂಗಿನ ಬೇರು ಇಳಿದ ನೆರೆಯ ನೆಲದಲ್ಲಿಯೇ ವಿಮಾನದ ಮದ್ದಿನ ಮೂಲವಸ್ತು ಇದ್ದಿತು. ಅದಿರಿನ ರೂಪದಲ್ಲಿರುವಾಗ ಅದರೊಳಗಿನ ಕ್ರೋಮಿಯಮ್ ಶಾಂತವಾಗಿರುತ್ತದೆ. ಸೋಡದೊಡನೆ ಹುರಿದು ಹಳದಿಯ ಕ್ರೋಮೇಟ್ ಮಾಡಿದಾಗ ಅದರ ಸ್ವಭಾವವೇ ಬದಲಾಗುತ್ತದೆ.

ಆ ಸ್ವಭಾವವೇ ಇಂದಿನ ಸಂಕಟ. ಲೋಹದ ಗಾಯಕ್ಕೆ ಮದ್ದಾಗುವ ಈ ಆರು ವೇಲೆನ್ಸಿಯ ಕ್ರೋಮಿಯಮ್ ಮನುಷ್ಯನ ಮೈಗೆ ವಿಷ. ಕ್ರೋಮೇಟ್ ಕಾರ್ಖಾನೆಗಳ ಕೆಲಸಗಾರರಿಗೆ ಚರ್ಮದಲ್ಲಿ ಮಾಯದ ಹುಣ್ಣುಗಳೇಳುವುದು, ಮೂಗಿನ ನಡುಗೋಡೆ ತೂತಾಗುವುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ವೈದ್ಯರ ಕಣ್ಣಿಗೆ ಬಿದ್ದಿತ್ತು. 1890ರಲ್ಲಿ ಸ್ಕಾಟ್ಲೆಂಡಿನ ವೈದ್ಯನೊಬ್ಬ ಅಂಥ ಕೆಲಸಗಾರನ ಮೂಗಿನಲ್ಲಿ ಕ್ಯಾನ್ಸರನ್ನು ಕಂಡು ವರದಿ ಮಾಡಿದ. ಆದರೂ ಪ್ರಪಂಚ ನಿಧಾನವಾಗಿಯೇ ಎಚ್ಚೆತ್ತಿತು. ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಇದನ್ನು ಶ್ವಾಸಕೋಶದ ಕ್ಯಾನ್ಸರಿಗೆ ನಿಶ್ಚಿತ ಕಾರಣವೆಂದು ಸಾರಿದುದು 1990ರಲ್ಲಿ. 2006ರಲ್ಲಿ ಅಮೆರಿಕದ ಸರ್ಕಾರ, ಕೆಲಸದ ಸ್ಥಳದ ಒಂದು ಘನಮೀಟರ್ ಗಾಳಿಯಲ್ಲಿ ಇದು 5 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಐದು ಭಾಗ, ಮೀರಕೂಡದೆಂದು ವಿಧಿಸಿತು. ಯೂರೋಪಿನ ಒಕ್ಕೂಟದಲ್ಲಿ 2019ರ ಜನವರಿಯಿಂದ ವಿಶೇಷ ಅನುಮತಿಯಿಲ್ಲದೆ ಸ್ಟ್ರಾನ್ಷಿಯಮ್ ಕ್ರೋಮೇಟನ್ನು ಬಳಸುವಂತಿಲ್ಲ.

ಹೊಸ ವಿಮಾನದ ಕಾರ್ಖಾನೆಯಲ್ಲಿ ಗಾಳಿ ಸೋಸುವ ಕೊಠಡಿಗಳಿರುತ್ತವೆ. ಹಳೆಯ ವಿಮಾನವನ್ನು ಸರಿಪಡಿಸುವವರ ಪಾಡು ಹಾಗಲ್ಲ. ಬಹುಪಾಲು ದೇಶಗಳಲ್ಲಿ ಅವರು ನಿವೃತ್ತ ಮೆಕ್ಯಾನಿಕ್ಕುಗಳು, ಹವ್ಯಾಸಿಗಳು, ರಜೆಯ ದಿನ ಬರುವ ಹುಡುಗರು. ಅಪಾಯವಿರುವುದು ಹೊಸ ಬಣ್ಣ ಬಳಿಯುವಾಗ ಮಾತ್ರವಲ್ಲ. ಅದಕ್ಕಿಂತ ಹೆಚ್ಚಾಗಿ ಹಳೆಯದನ್ನು ಕೆರೆಯುವಾಗ. ಎಪ್ಪತ್ತು ವರ್ಷದ ಹಿಂದಿನ ಹಳದಿಯ ಪೊರೆಯನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಹಿಟ್ಟಿನಂಥ ಧೂಳು ಮುಖಕ್ಕೆ ಕಟ್ಟಿದ ಕರವಸ್ತ್ರಕ್ಕೆ ನಿಲ್ಲುವುದಲ್ಲ. ಆದುದರಿಂದ ಬಲ್ಲವರು ಕೆರೆಯುವುದನ್ನೇ ಆದಷ್ಟು ತಪ್ಪಿಸಿ, ಬಣ್ಣ ಸಡಿಲಿಸುವ ದ್ರವವನ್ನು ಬಳಸುತ್ತಾರೆ. ಉಜ್ಜಲೇಬೇಕಾದರೆ ನೀರು ಹನಿಸುತ್ತ ಉಜ್ಜುತ್ತಾರೆ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ತರುವ ಮುಸುಕನ್ನು ಧರಿಸುತ್ತಾರೆ. ಆ ಬಟ್ಟೆಯಲ್ಲಿ ಮನೆಗೆ ಹೋಗುವುದಿಲ್ಲ, ಅದೇ ಕೈಯಲ್ಲಿ ಊಟ ಮಾಡುವುದಿಲ್ಲ. ತೊಳೆದ ನೀರನ್ನು ಚರಂಡಿಗೆ ಬಿಡುವುದಿಲ್ಲ. ವಿಮಾನ ಉಳಿದು ಅದನ್ನು ಉಳಿಸಿದವನು ಕೆಮ್ಮುತ್ತ ಕೂರುವುದಾದರೆ ಆ ವ್ಯಾಪಾರ ಯಾವ ಲೆಕ್ಕಕ್ಕೂ ನಷ್ಟವೇ.

ಬದಲಿ ಮದ್ದಿಗಾಗಿ ಹುಡುಕಾಟ ಬಹಳ ಕಾಲದಿಂದ ನಡೆದಿದೆ. ಜಿಂಕ್ ಫಾಸ್ಫೇಟ್ ನಿರುಪದ್ರವಿ. ಕಬ್ಬಿಣದ ಕೆಲಸಕ್ಕೆ ಅದು ಸಾಕು, ತಾಮ್ರ ಬೆರೆತ ಅಲ್ಯೂಮಿನಿಯಮ್ಮಿಗೆ ಕ್ರೋಮೇಟಿನ ಸಮಕ್ಕೆ ಬಾರದು. ಸೀರಿಯಮ್, ಪ್ರೇಸಿಯೋಡಿಮಿಯಮ್ ಮುಂತಾದ ವಿರಳ ಭಸ್ಮಧಾತುಗಳ ಲವಣಗಳು, ಲಿಥಿಯಮ್ಮಿನ ಲವಣಗಳು ಇದಕ್ಕಿಂತ ಹೆಚ್ಚು ಭರವಸೆ ತೋರಿಸಿ ಈಗಾಗಲೇ ಡಬ್ಬಿಗಳಲ್ಲಿ ಮಾರಾಟಕ್ಕೆ ಬಂದಿವೆ. ಅಮೆರಿಕದ ನಾರ್ತ್ ಡಕೋಟ ರಾಜ್ಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮೆಗ್ನೀಸಿಯಮ್ಮಿನ ಪುಡಿಯನ್ನು ತುಂಬಿದ ಪ್ರೈಮರನ್ನು ರೂಪಿಸಿದರು. ಜಿಂಕ್ ಶೀಟಿನ ಸತುವಿನಂತೆ ಅಲ್ಲಿ ಮೆಗ್ನೀಸಿಯಮ್ ತಾನು ಸವೆದು ಅಲ್ಯೂಮಿನಿಯಮ್ಮನ್ನು ಕಾಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿಯೂ ಕ್ರೋಮೇಟ್ ಇಲ್ಲದ ಲೇಪನಗಳ ಸಂಶೋಧನೆ ನಡೆದಿದೆ. ಇವೆಲ್ಲವನ್ನೂ ಪರೀಕ್ಷಿಸುವ ಬಗೆ ಕ್ರೂರವಾದುದು: ಬಣ್ಣ ಬಳಿದ ತಗಡಿನ ಮೇಲೆ ಲೋಹದವರೆಗೆ ಇಳಿಯುವಂತೆ ಗೀರೆಳೆದು, ನೂರಕ್ಕೆ ಐದರ ಉಪ್ಪುನೀರಿನ ಮಂಜಿನಲ್ಲಿ, 35 ಡಿಗ್ರಿ ಕಾವಿನಲ್ಲಿ ಅದನ್ನು ಇಡುತ್ತಾರೆ. ಒಳ್ಳೆಯ ಕ್ರೋಮೇಟ್ ಪ್ರೈಮರ್ 2000 ಗಂಟೆಗಳ ಕಾಲ ಇದನ್ನು ತಾಳಬೇಕೆಂಬುದು ಅಮೆರಿಕದ ಸೇನೆಯ ಕಟ್ಟಳೆ. ಬದಲಿಗಳಲ್ಲಿ ಕೆಲವು ಈ ಗಡಿಯನ್ನು ಮುಟ್ಟಿವೆ. ಆದರೆ ಮಂಜಿನ ಪೆಟ್ಟಿಗೆ ಬೇರೆ, ಬಯಲಿನ ಇಪ್ಪತ್ತು ಮಳೆಗಾಲ ಬೇರೆ ಎಂದು ಹಿಂಜರಿಯುವ ಅನುಭವಸ್ಥರ ಮಾತಿನಲ್ಲಿಯೂ ಹುರುಳಿದೆ. ಕೊನೆಗೆ ಅನೇಕರು ಒಂದು ಮಧ್ಯಮಾರ್ಗ ಹಿಡಿದಿದ್ದಾರೆ: ಮುಂದೆಂದೂ ಬಿಚ್ಚಲಾಗದ ಸಂದುಗಳಿಗೆ, ರೆಕ್ಕೆಯ ತೊಲೆಗಳಿಗೆ ಮಾತ್ರ ಎಲ್ಲ ಎಚ್ಚರಿಕೆಯೊಡನೆ ಕ್ರೋಮೇಟ್, ಕೈಗೆ ಸಿಕ್ಕುವ, ವರ್ಷವರ್ಷ ನೋಡಬಹುದಾದ ಕಡೆಗಳಿಗೆ ಬದಲಿ.

ಯಾವ ಪ್ರೈಮರನ್ನು ಆರಿಸಿದರೂ ಅದರ ಭಾಗ್ಯ ನಿರ್ಧಾರವಾಗುವುದು ಅದಕ್ಕೆ ಮೊದಲು ಲೋಹವನ್ನು ತೊಳೆದ ಕೈಯಿಂದ. ತೊಳೆದುದು ಸರಿಯಾಯಿತೋ ಇಲ್ಲವೋ ಎಂದು ನೋಡುವ ಪರೀಕ್ಷೆಗೆ ಯಂತ್ರ ಬೇಡ. ತಗಡಿನ ಮೇಲೆ ಶುದ್ಧ ನೀರು ಹೊಯ್ದಾಗ ಅದು ಮುತ್ತುಮುತ್ತಾಗಿ ಒಡೆಯದೆ ಒಂದೇ ಹಾಳೆಯಂತೆ ಹರಡಿ ನಿಲ್ಲಬೇಕು. ಎಣ್ಣೆಯ ಜಾಡಿಯನ್ನು ಸೀಗೆಪುಡಿಯಿಂದ ತಿಕ್ಕಿದ ಅಜ್ಜಿಯರಿಗೆ ಈ ಗುರುತು ಹೊಸದಲ್ಲ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡವನು ಹಣೆ ಒರಸಿಕೊಂಡ ಬೆರಳಿನಿಂದ ತೊಳೆದ ತಗಡನ್ನು ಒಮ್ಮೆ ಮುಟ್ಟಿದರೆ ಸಾಕು. ಆ ಐದು ಬೆರಳಿನ ಗುರುತಿನ ಮೇಲೆ ಬಣ್ಣ ಹಿಡಿಯದು. ಆದ್ದರಿಂದ ಕೈಗವಸು ಕಡ್ಡಾಯ. ಉಜ್ಜಲು ಉಕ್ಕಿನ ನಾರನ್ನಾಗಲಿ ಉಕ್ಕಿನ ಬ್ರಷ್ಷನ್ನಾಗಲಿ ಉಪಯೋಗಿಸಕೂಡದು. ಮುರಿದ ಉಕ್ಕಿನ ಎಳೆ ಅಲ್ಯೂಮಿನಿಯಮ್ಮಿನಲ್ಲಿ ನೆಟ್ಟು ಹೊಸ ಬ್ಯಾಟರಿಯನ್ನು ಹುಟ್ಟಿಸುತ್ತದೆ. ಎರಡು ತಗಡುಗಳನ್ನು ಜೋಡಿಸಿದ ಮೇಲೆ ಹೊರಗಿನಿಂದ ಬಳಿದರೆ ಆಗದು. ಒಂದನ್ನೊಂದು ಮುಟ್ಟುವ ಮೈಗಳಿಗೆ ಮೊದಲೇ ಬಳಿದು ಆಮೇಲೆ ರಿವೆಟ್ ಹೊಡೆಯಬೇಕು. ಮಳೆಗಾಲದ ಸಂಜೆ ಗಾಳಿಯಲ್ಲಿ ತೇವ ತುಂಬಿದ್ದಾಗ ಸ್ಪ್ರೇ ಗನ್ನನ್ನು ಮುಟ್ಟದಿರುವುದೇ ಲೇಸು. ದಪ್ಪನಾಗಿ ಬಳಿದರೆ ಹೆಚ್ಚು ಕಾವಲೆಂದು ತಿಳಿದವರೂ ಉಂಟು. ಅದು ಪೂರಾ ತಪ್ಪು. ದಪ್ಪ ಪ್ರೈಮರ್ ಬಿರಿದು ಸಿಪ್ಪೆಯೇಳುತ್ತದೆ.

ಹಾರುವ ವಿಮಾನದ ವಿಷಯ ಇಷ್ಟಾಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಹೊರಗೆ ಮಾರುತ್ ವಿಮಾನವೊಂದು ನಿಂತಿರುವುದನ್ನು ಓದುಗರಲ್ಲಿ ಅನೇಕರು ಮಕ್ಕಳಿಗೆ ತೋರಿಸಿರಬಹುದು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ಯುದ್ಧವಿಮಾನದ ಜಾತಿಯದು ಅದು. ದೇಶದ ಎಷ್ಟೋ ಊರುಗಳ ವೃತ್ತಗಳಲ್ಲಿ, ಉದ್ಯಾನಗಳಲ್ಲಿ ಹಳೆಯ ವಿಮಾನಗಳು ಹೀಗೆ ಬಿಸಿಲುಮಳೆಗೆ ಒಡ್ಡಿಕೊಂಡು ನಿಂತಿವೆ. ಅವುಗಳಿಗೆ ಬಹಳ ಕಡೆ ನಡೆಯುವ ಸೇವೆಯೆಂದರೆ ಹಬ್ಬದ ಮುಂಚೆ ಧೂಳಿನ ಮೇಲೆಯೇ ಒಂದು ಕೈ ಹೊಳೆಯುವ ಎನಾಮಲ್. ಅಡಿಯಲ್ಲಿ ಪ್ರೈಮರ್ ಇಲ್ಲ. ಹಕ್ಕಿಯ ಹಿಕ್ಕೆಯನ್ನು ತೊಳೆದಿರುವುದಿಲ್ಲ. ನೀರು ಇಳಿದುಹೋಗಲು ಹೊಟ್ಟೆಯಡಿ ಇಟ್ಟ ರಂಧ್ರಗಳು ಆ ಬಣ್ಣದಿಂದಲೇ ಮುಚ್ಚಿಹೋಗಿರುತ್ತವೆ. ಸಂದಿಯಲ್ಲಿ ಹನಿ ನಿಲ್ಲುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕೆ? ಕಾಲಕಾಲಕ್ಕೆ ತೊಳೆದು ರಂಧ್ರಗಳನ್ನು ಬಿಡಿಸಿಟ್ಟರೆ, ಬಣ್ಣವಿಲ್ಲದಿದ್ದರೂ ಆ ವಿಮಾನ ಹೆಚ್ಚು ಕಾಲ ಬಾಳುತ್ತದೆ.

ಸಂಗ್ರಹಾಲಯದ ಒಳಗೆ ಇರುವವಕ್ಕೆ ಬೇರೊಂದು ಧರ್ಮಸೂಕ್ಷ್ಮವಿದೆ. ಹಾರಿಸುವವನು ಹಳೆಯ ಪೊರೆಯನ್ನೆಲ್ಲ ತೆಗೆದು ಲೋಹವನ್ನು ನೋಡಲೇಬೇಕು. ಪ್ರಯಾಣಿಕರ ಜೀವ ಅದರ ಮೇಲಿದೆ. ಆದರೆ ಕಾಯ್ದಿಡುವವನಿಗೆ ಆ ಪೊರೆಯೇ ಒಂದು ದಾಖಲೆ. ಯಾವ ಛಾಯೆಯ ಪ್ರೈಮರ್, ಎಲ್ಲೆಲ್ಲಿ ಬಳಿದಿದ್ದರು, ಯಾವ ಪರೀಕ್ಷಕ ಮುದ್ರೆಯೊತ್ತಿದ, ಯಾವ ತಗಡು ಮೊದಲಿನದು, ಯಾವುದು ಆಮೇಲೆ ತೇಪೆ ಹಾಕಿದ್ದು ಎಂಬುದನ್ನೆಲ್ಲ ಅದು ಹೇಳುತ್ತದೆ. ಕಾನ್ಪುರದ ರಾಶಿಯಿಂದ ಎದ್ದುಬಂದ ಲಿಬರೇಟರಿನಂಥ ವಿಮಾನದಲ್ಲಿ ಅಮೆರಿಕದ ಕಾರ್ಖಾನೆಯ ಕೈಯಾವುದು, ಬೆಂಗಳೂರಿನ ಕೈಯಾವುದು ಎಂದು ತಿಳಿಯಬೇಕಾದರೆ ಇಂಥ ಗುರುತುಗಳೇ ಆಧಾರ. ಒಮ್ಮೆ ಕೆರೆದು ಹಾಕಿದರೆ ಬೆಂಗಳೂರಿನ ಕೆಲಸಗಾರರ ಆ ಸಾಕ್ಷ್ಯ ಮತ್ತೆ ದೊರೆಯದು. ಆದ್ದರಿಂದ ಒಳ್ಳೆಯ ಸಂಗ್ರಹಾಲಯಗಳಲ್ಲಿ ಹಳೆಯ ಹಳದಿಯನ್ನು ಮುಟ್ಟದೆ, ಕೊಠಡಿಯ ಗಾಳಿಯನ್ನು ಒಣಗಿಸಿ ಇಡುತ್ತಾರೆ. ಇದೂ ಅಟ್ಟದ ಮೇಲಿನ ಕೊಬ್ಬರಿಯ ವಿದ್ಯೆಯೇ.

ಕೆಲಸ ಮುಗಿದ ಮೇಲೆ, ತಗಡನ್ನು ಮುಚ್ಚುವ ಮುಂಚೆ, ಬಳಿದ ಪ್ರೈಮರಿನ ಹೆಸರನ್ನೂ ತಾರೀಖನ್ನೂ ಒಳಮೈಯ ಒಂದು ಮೂಲೆಯಲ್ಲಿ ಬರೆದಿಡುವ ಪದ್ಧತಿಯನ್ನು ಕೆಲವರು ಇಟ್ಟುಕೊಂಡಿದ್ದಾರೆ. ಐವತ್ತು ವರ್ಷದ ಮೇಲೆ ಬಿಚ್ಚುವವನಿಗೆ ತಾನು ಕೆರೆಯಹೊರಟಿರುವುದು ಏನೆಂದು ಮೊದಲೇ ತಿಳಿದಿರಬೇಕಷ್ಟೆ. ಅದನ್ನು ಬರೆಯಲು ಮಾತ್ರ ಶಾಲೆಯ ಹುಡುಗರ ಸೀಸದಕಡ್ಡಿ ಕೂಡದು. ಅದರೊಳಗಿನ ಗ್ರಾಫೈಟ್ ತೇವ ಸೋಕಿದೊಡನೆ ಅಲ್ಯೂಮಿನಿಯಮ್ಮನ್ನು ತಿನ್ನತೊಡಗುತ್ತದೆ. ಬರೆದ ಅಕ್ಷರಗಳೇ ಕಾಲಕ್ರಮದಲ್ಲಿ ತಗಡಿನೊಳಕ್ಕೆ ಕೊರೆದು ಇಳಿದಾವು.